ಶೆಟಿಗೆವ್ವನಿಗೆ ಒಂದಿಷ್ಟು ಜಾಗ

ಮೊನ್ನೆ ಸಂಜೆ ಮೊಮ್ಮಗಳ ಮನೆಯಲ್ಲಿ ಸಾಂಬ್ರಾಣಿಯ ವಾಸನೆ ಬಂತು. ಬಸವೇಶ್ವರನಗರದ ಮೇಲಿನ ಮಹಡಿಯ ಫ್ಲ್ಯಾಟು. ಕೆಂಡ ಇಡುವ ಪ್ರಶ್ನೆಯೇ ಇಲ್ಲ. ಬಟ್ಟಲಿನ ಆಕಾರದ ಪುಟ್ಟ ಸಾಂಬ್ರಾಣಿಯೊಂದನ್ನು ಹೊತ್ತಿಸಿ, ಹೊಗೆ ಕಂಡರೆ ಕಿರುಚುವ ಯಂತ್ರಕ್ಕೆ ಹೆದರಿ ಅದನ್ನು ಬಾಲ್ಕನಿಯಲ್ಲಿಟ್ಟಿದ್ದಳು. ಹಾಗಾಗಿ ಪರಿಮಳವೆಲ್ಲ ಪಕ್ಕದ ಮನೆಯವರ ಪಾಲಾಗಿ, ನಮಗೆ ಬಂದದ್ದು ಪ್ರಸಾದದಷ್ಟು. ಹಳೆಯದೆಲ್ಲ ನೆನಪಾಗಲು ಅಷ್ಟೇ ಸಾಕಾಯಿತು. ತೊಟ್ಟಿಲಲ್ಲಿದ್ದ ಅವಳ ಮಗು ನಿದ್ದೆಯಲ್ಲೇ ನಕ್ಕಿತು.

"ಅಜ್ಜಿ, ಅದು ನಿಜವಾದ ನಗು ಅಲ್ಲ, ರಿಫ್ಲೆಕ್ಸ್ ಅಷ್ಟೆ. ಆ್ಯಪಲ್ಲಿ ಹಾಕಿದಾರೆ" ಎಂದಳು.

ಅವಳ ವಯಸ್ಸಿನಲ್ಲಿ ನಾನೂ ಹೀಗೇ ಸರ್ವಜ್ಞೆಯಾಗಿದ್ದೆ. ಆಗ ಆ್ಯಪ್ ಇರಲಿಲ್ಲ, ಪಾಂಪ್ಲೆಟ್ ಇತ್ತು.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಳಗಿನ ಬ್ಲಾಕೊಂದರಲ್ಲಿ ಬಾಡಿಗೆಗಿದ್ದೆವು. ಎದುರಿಗೆ ಲಂಟಾನ ಬೆಳೆದ ಖಾಲಿ ಸೈಟು, ಅದರಾಚೆ ಇನ್ನೊಂದು ಖಾಲಿ ಸೈಟು. ನಮ್ಮ ಯಜಮಾನರಿಗೆ ಬಿನ್ನಿಪೇಟೆ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಮದುವೆಯಾದ ಹೊಸತರಲ್ಲಿ ಇಬ್ಬರೂ ಯಾವುದೋ ಸಭಾಂಗಣದಲ್ಲಿ ಸರಳ ಜೀವನದ ಬಗ್ಗೆ ಉಪನ್ಯಾಸ ಕೇಳಿ ಬಂದವರು, ಅಂದೇ ರಾತ್ರಿ ಮನೆಗೊಂದು ಸಂವಿಧಾನ ರಚಿಸಿಕೊಂಡೆವು. ಒಬ್ಬರಿಗೆ ಒಂದು ತಟ್ಟೆ, ಒಂದು ಲೋಟ. ಕುರ್ಚಿ ಬೇಡ, ಚಾಪೆ ಸಾಕು. ಬಸ್ಸು ಬೇಡ, ಸೈಕಲ್ಲು ಸಾಕು. ರಚಿಸುವ ಹೊಣೆ ನನ್ನದು, ತುಳಿಯುವ ಹೊಣೆ ಅವರದು. ಟ್ರಂಕಿನಲ್ಲಿದ್ದ ನನ್ನ ಮದುವೆಯ ರೇಷ್ಮೆ ಸೀರೆಗಳು ಮಾತ್ರ ಈ ಸಂವಿಧಾನದ ವ್ಯಾಪ್ತಿಗೆ ಬರಲಿಲ್ಲ. ಅವು ಸೀರೆಗಳಲ್ಲ, ನೆನಪುಗಳು ಎಂದು ತೀರ್ಮಾನಿಸಿದ್ದೆ. ನೆನಪಿಗೆ ಮಿತಿ ಹೇರುವುದು ಯಾವ ನ್ಯಾಯ, ನೀವೇ ಹೇಳಿ.

ಮಗಳು ಹುಟ್ಟಿದ ಮೇಲೆ ಸಂವಿಧಾನಕ್ಕೆ ತಿದ್ದುಪಡಿಗಳು ಸೇರಿದವು. ಗಡಿಯಾರ ನೋಡಿ ಹಾಲು ಕೊಡತಕ್ಕದ್ದು. ಅತ್ತ ಕೂಡಲೇ ಎತ್ತಿಕೊಳ್ಳತಕ್ಕದ್ದಲ್ಲ. ಎರಡೂ ಶಿಶುಪಾಲನೆಯ ಪಾಂಪ್ಲೆಟ್ಟಿನಲ್ಲಿದ್ದವು, ಬರೆದ ಮಹನೀಯರು ಗಂಡಸರು ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಹೀಗಿರುವಾಗ ಗದಗಿನ ಕಡೆಯಿಂದ ಅತ್ತೆ ಬಂದರು. ಜೊತೆಗೆ ಗೋಣಿಚೀಲದಲ್ಲಿ ಬಿಡಿಬಿಡಿಯಾಗಿ ಕಟ್ಟಿ ತಂದ ಮರದ ತೊಟ್ಟಿಲು, ಅದರ ಸರಪಳಿ. ಆಗಿನ ಬೆಂಗಳೂರಿನಲ್ಲಿ ಫ್ಯಾನು ಯಾರಿಗೂ ಬೇಕಿರಲಿಲ್ಲವಾದರೂ ಮನೆ ಮಾಲೀಕರು ದೂರದೃಷ್ಟಿಯಿಂದ ಸೂರಿಗೊಂದು ಕೊಕ್ಕೆ ಬಿಟ್ಟಿದ್ದರು. ತೊಟ್ಟಿಲನ್ನು ಅದಕ್ಕೇ ತೂಗುಹಾಕಿದೆವು. ನಾನು ತುಮಕೂರಿನ ಕಡೆಯವಳು, ಬೆಂಗಳೂರಿನಲ್ಲೇ ಬೆಳೆದವಳು. ಅವರ ಕನ್ನಡವೂ ನನ್ನ ಕನ್ನಡವೂ ಒಂದೇ ಭಾಷೆ ಎಂದು ನಮ್ಮಿಬ್ಬರಿಗೂ ಮನವರಿಕೆಯಾಗಲು ಸ್ವಲ್ಪ ದಿನ ಹಿಡಿಯಿತು.

"ಕೂಸಿಗೆ ಲಿಂಗ ಕಟ್ಟಿಸೀರೇನು?" ಎಂದು ಕೇಳಿದರು.

"ಇಲ್ಲ ಅತ್ತೆ. ದೊಡ್ಡವಳಾದ ಮೇಲೆ ಧರ್ಮ ಅವಳೇ ಆರಿಸ್ಕೊಳ್ಲಿ ಅಂತ."

"ಹೌದ? ಹಾಲೂ ಹಂಗ, ದೊಡ್ಡಾಕಿ ಆದಮ್ಯಾಗ ಕೇಳಿ ಕುಡಸ್ತಿಯೇನು?"

ನಾನು ಪಾಂಪ್ಲೆಟ್ಟಿನ ಹಾಳೆ ಮಗುಚಿದೆ. ಅತ್ತೆ ಸರಪಳಿಯನ್ನು ಜಗ್ಗಿ ನೋಡುತ್ತ ಮುಂದಿನ ಪ್ರಶ್ನೆ ಕೇಳಿದರು. "ಐದರ ಪೂಜಿನರ ಮಾಡಿದ್ರೋ ಇಲ್ಲೋ?"

ಅವರ ಕಡೆ ಮಗು ಹುಟ್ಟಿದ ಐದನೆಯ ಸಂಜೆ ಶೆಟಿಗೆವ್ವ ಬರುತ್ತಾಳೆ. ಹಣೆಬರಹ ಬರೆಯುವ ತಾಯಿ ಅವಳು. ದೀಪ ಹಚ್ಚಿಟ್ಟು ಅವಳನ್ನು ಕರೆದು, ಕೂರಿಸಿ, ಬರೆಸಿಕೊಂಡು, ಕಳಿಸಿಕೊಡಬೇಕಾದದ್ದು ಮನೆಯವರ ಕರ್ತವ್ಯ. ಹೆರಿಗೆ ನನ್ನ ತವರಿನ ಹತ್ತಿರದ ಆಸ್ಪತ್ರೆಯಲ್ಲಿ ಆಗಿತ್ತು. "ಅಲ್ಲಿ ತೂಕ ಮಾಡಿ, ಇಂಜೆಕ್ಷನ್ ಹಾಕಿ ಕಳಿಸಿದ್ರು ಅತ್ತೆ. ಅದಕ್ಕಿಂತ ಇನ್ನೇನು ಪೂಜೆ" ಎಂದೆ. ಅತ್ತೆ ತೊಟ್ಟಿಲಿನ ಸುತ್ತ ಒಮ್ಮೆ ನೋಡಿದರು, ನೆಲದ ಕಡೆಗಲ್ಲ, ನಿಂತ ಮನುಷ್ಯರ ಮುಖ ಇರುವ ಎತ್ತರಕ್ಕೆ.

ಮುಸ್ಸಂಜೆಯಲ್ಲಿ ಮಗು ನಿದ್ದೆಯಲ್ಲೇ ನಗುತ್ತಿತ್ತು. ನಕ್ಕ ಸ್ವಲ್ಪ ಹೊತ್ತಿಗೆ ತುಟಿ ಸೊಟ್ಟಗಾಗಿ ಅಳುತ್ತಿತ್ತು. ಕಣ್ಣು ಮುಚ್ಚಿಯೇ ಇರುತ್ತಿತ್ತು. ಗ್ಯಾಸು ಎಂದೆ ನಾನು.

"ಗ್ಯಾಸ್ ಅಲ್ಲ ತಂಗಿ, ಶೆಟಿಗೆವ್ವ ಆಡಸಾಕತ್ತಾಳ. 'ನಿಮ್ಮವ್ವ ಸತ್ಲು' ಅಂತಾಳ. 'ಹೋಗ, ಈಗರ ಆಕಿ ಹಾಲು ಕುಡದು ಮಲಗೇನಿ' ಅಂತ ಕೂಸು ನಗತೈತಿ. 'ನಿಮ್ಮಪ್ಪ ಸತ್ತ' ಅಂತಾಳ. ಅಪ್ಪ ಕಣ್ಣಮುಂದ ಇಲ್ಲಲ್ಲ, ಖರೇ ಅಂತ ತಿಳದು ಅಳತೈತಿ."

"ಹಾಲು ಕುಡಿಯೋ ಮಗುವಿಗೆ ಇಂಥ ತಮಾಷೆ ಮಾಡ್ತಾಳಾ?"

"ಆಕಿಗೂ ಹೊತ್ತು ಹೋಗಬೇಕಲ್ಲ. ನೀ ಐದರ ದಿನ ಕರದು ಕುಂದ್ರಿಸಿದ್ರ ಬರದು ಹೋಗಿಬಿಡ್ತಿದ್ಲು. ಕರೀಲಿಲ್ಲ. ಅದಕ್ಕ ದಿನಾ ಬಂದು ನಿಂತು ಹೋಗ್ತಾಳ."

ನಾನು ನಕ್ಕುಬಿಟ್ಟೆ. ರಾತ್ರಿ ಯಜಮಾನರಿಗೂ ಹೇಳಿದೆ. ಅವರು ನಗಲಿಲ್ಲ, ಆ ಕಥೆಯಲ್ಲಿ ಅವರ ಪಾತ್ರ ಅಷ್ಟೇನೂ ಶುಭವಾಗಿರಲಿಲ್ಲ ನೋಡಿ.

ಆದರೆ 'ನಿಂತು ಹೋಗ್ತಾಳ' ಎಂಬ ಮಾತು ನನ್ನೊಳಗೆ ಕೂತುಬಿಟ್ಟಿತು. ಮಾರನೆಯ ಸಂಜೆ ತೊಟ್ಟಿಲ ಬಳಿ ಹೋಗುವಾಗ, ಅಲ್ಲಿ ಯಾರೋ ಇದ್ದರೆ ತಾಗಬಾರದು ಎಂಬಂತೆ, ನನಗೇ ತಿಳಿಯದೆ ಒಂದಿಷ್ಟು ಬಳಸಿ ಹೋಗಿದ್ದೆ. ಎರಡು ದಿನ ತಡೆದು, ತಮಾಷೆಯ ದನಿಯಲ್ಲೇ ಕೇಳಿದೆ. "ಅಲ್ಲ ಅತ್ತೆ, ಒಂದ್ವೇಳೆ ಅವಳು ನಿಜಾನೇ ಹೇಳಿದ್ರೆ?"

ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. "ಖರೇ ಹೇಳಿದ್ರ ಕೂಸು ನಗೂದೂ ಇಲ್ಲ, ಅಳೂದೂ ಇಲ್ಲ. ಕಣ್ಣು ತಗದು ಸುಮ್ನ ಕೇಳತೈತಿ. ದೊಡ್ಡವರು ಕೇಳಿದಂಗ."

ಒಂದು ಆಧುನಿಕ ಮನೆ ಹಾಳಾಗಲು ಇಷ್ಟು ಸಾಕು. ಲೆಕ್ಕ ತಿರುವುಮುರುವಾಯಿತು. ಮಗು ಅತ್ತರೆ ಕೇಳಿದ್ದು ಸುಳ್ಳು. ಸುಳ್ಳಾದರೆ ಯಜಮಾನರು ಕ್ಷೇಮ. ಕಾರ್ಖಾನೆಗಳ ಸೈರನ್ನು ದೂರದಿಂದ ಕೇಳಿದ ಮೇಲೆ, ಅವರ ಸೈಕಲ್ಲಿನ ಗಂಟೆ ಗೇಟಿನ ಬಳಿ ಕೇಳುವವರೆಗೆ, ನಾನು ತೊಟ್ಟಿಲ ಪಕ್ಕ ನಿಂತು ನನ್ನ ಮಗುವಿನ ಅಳುವಿಗಾಗಿ ಕಾಯತೊಡಗಿದೆ. ಅದು ಹಾಯಾಗಿ ಮಲಗಿಬಿಟ್ಟರೆ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದೆ. ಒಂದು ಸಂಜೆಯಂತೂ ಅಂಗಾಲಿಗೆ ಕಚಗುಳಿಯಿಟ್ಟು ಎಬ್ಬಿಸಿ ಅಳಿಸಿದೆ. ಮಗು ಚೀರಿತು, ನನಗೆ ನೆಮ್ಮದಿಯಾಯಿತು. ವೈಜ್ಞಾನಿಕ ಶಿಶುಪಾಲನೆಯ ಇತಿಹಾಸದಲ್ಲಿ ಇಂಥ ತಾಯಿ ಇನ್ನೊಬ್ಬಳಿದ್ದಳೋ ಇಲ್ಲವೋ.

"ಕೂಸಿನ್ನ ಯಾಕ ಅಳಸ್ತಿ? ಬಸು ಬರ್ತಾನ ಬಿಡು" ಎಂದರು ಅತ್ತೆ ಒಳಗಿನಿಂದ. ಮಗನನ್ನು ಅವರು ಕರೆಯುತ್ತಿದ್ದುದು ಹಾಗೆ. ಅವರು ಇತ್ತ ತಿರುಗಿಯೂ ನೋಡಿರಲಿಲ್ಲ.

ಆಮೇಲೆ ಬಂತು ಆ ಸಂಜೆ. ಸೈರನ್ನು ಆಗಿ ಬಹಳ ಹೊತ್ತಾಗಿತ್ತು. ವೋಲ್ಟೇಜು ಇಳಿದು ಬಲ್ಬು ಒಳಗಿನ ತಂತಿಯಷ್ಟೇ ಕಾಣುವಂತೆ ಕೆಂಪಗಾಗಿತ್ತು. ಸೈಕಲ್ಲಿನ ಗಂಟೆ ಇಲ್ಲ. ಬಗ್ಗಿ ನೋಡಿದರೆ ಮಗು ಕಣ್ಣು ಬಿಟ್ಟುಕೊಂಡು ಮಲಗಿತ್ತು. ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜಕ್ಕಿಂತ ಒಂದಿಷ್ಟು ಮೇಲೆ, ಹಿಂದೆ ನಿಂತ ಹೆಂಗಸೊಬ್ಬಳ ಮುಖವಿರಬೇಕಾದ ಜಾಗವನ್ನು ನೋಡುತ್ತಿತ್ತು. ಕಣ್ಣೆದುರು ಕೈಯಾಡಿಸಿದೆ. ರೆಪ್ಪೆ ಮಿಟುಕಲಿಲ್ಲ. ನಗಲಿಲ್ಲ, ಅಳಲಿಲ್ಲ. ತುಟಿ ಒಂದಿಷ್ಟೇ ತೆರೆದು, ಹಿರಿಯರು ಹೇಳುವ ಮಾತನ್ನು ಕೇಳುವ ಹಾಗೆ, ಕೇಳುತ್ತಿತ್ತು. ತೊಟ್ಟಿಲು ಅಲುಗುತ್ತಿರಲಿಲ್ಲ; ಮೇಲೆ ಕೊಕ್ಕೆಯಲ್ಲಿ ಮಾತ್ರ ಸರಪಳಿ ಕಿರ್ ಎನ್ನುತ್ತಿತ್ತು. ಅತ್ತೆಯನ್ನು ಕೂಗಬೇಕೆಂದುಕೊಂಡೆ. ಗಂಟಲು ನನ್ನ ಮಾತು ಕೇಳಲಿಲ್ಲ. ಹಿಂದಕ್ಕೆ ತಿರುಗುವ ವಿಷಯವನ್ನಂತೂ ಕೇಳಲೇಬೇಡಿ.

ಅತ್ತೆ ಸಂಜೆಯ ಶಿವಪೂಜೆ ಮುಗಿಸಿ ಹಣೆಯ ತುಂಬ ವಿಭೂತಿಯೊಡನೆ ದೀಪ ಹಿಡಿದು ಬಂದರು. ಮಗುವನ್ನು ನೋಡಿದರು. ಮಗು ನೋಡುತ್ತಿದ್ದ ಕಡೆ ನೋಡಿದರು. ದೀಪವನ್ನು ಕೆಳಗಿಟ್ಟು ಚಾಪೆಯ ಮೇಲೆ ಕೂತರು.

"ಯವ್ವಾ, ಕೂಸಿಗೆ ಯಾಕ ಹೇಳ್ತಿ? ಅದಕ್ಕೇನು ತಿಳೀತೈತಿ? ನಾ ಅದೀನಲ್ಲ, ನನಗ ಹೇಳು. ಕುಂದ್ರು ಬಾ, ಎಷ್ಟು ದಿನಾಂತ ನಿಂದರ್ತಿ."

ಪಕ್ಕದ ಮನೆಯವಳನ್ನು ಕರೆಯುವ ದನಿಯದು. ಕರೆದು, ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದರು. ಮಗುವಿನ ಕಣ್ಣು ಮೇಲಿನಿಂದ ಮೆಲ್ಲಗೆ ಇಳಿಯಿತು. ನಿಂತವರ ಎತ್ತರದಿಂದ ಕೂತವರ ಎತ್ತರಕ್ಕೆ ಇಳಿದು, ಅತ್ತೆಯ ಪಕ್ಕದ ಖಾಲಿ ಜಾಗದಲ್ಲಿ ನಿಂತಿತು. ಎಷ್ಟು ಒತ್ತಿದರೂ ಸುರುಳಿಯೇಳುತ್ತಿದ್ದ ಆ ಚಾಪೆಯ ಅಂಚು ನೆಲಕ್ಕೆ ಅಂಟಿಕೊಂಡಿತ್ತು. ಅತ್ತೆ ಆ ಕಡೆಗೆ ಕಿವಿ ವಾಲಿಸಿ, "ಹೂಂ" ಎಂದರು. ತಡೆದು ಮತ್ತೊಮ್ಮೆ "ಹೂಂ". ಕೊನೆಗೆ, "ಆತು."

ಮಗು ಆಕಳಿಸಿ ಮಲಗಿತು.

ಗೇಟು ಸದ್ದಾಯಿತು. ಚೈನು ತುಂಡಾದ ಸೈಕಲ್ಲನ್ನು ಮಾಗಡಿ ರಸ್ತೆಯಿಂದ ತಳ್ಳಿಕೊಂಡು, ಕೈಯೆಲ್ಲ ಗ್ರೀಸು ಮಾಡಿಕೊಂಡು ಬಂದಿದ್ದರು ಯಜಮಾನರು. "ಯಾಕ, ಇಬ್ರೂ ಹಿಂಗ್ಯಾಕ ನೋಡಾಕತ್ತೀರಿ?" ಎಂದರು. ಮಗು ಅಳಬೇಕಾಗಿದ್ದ ಅಳುವನ್ನೆಲ್ಲ ನಾನೇ ಅತ್ತುಬಿಟ್ಟೆ.

ಅತ್ತೆಯ ಹಿಂದೆ ಅಡುಗೆಮನೆಗೆ ಹೋಗಿ, "ಏನು ಹೇಳಿದಳು?" ಎಂದು ಪಿಸುಗುಟ್ಟಿದೆ.

"ನಮ್ಮ ನಮ್ಮ ಮಾತು. ನಿನಗ್ಯಾಕ?" ಎಂದು ರೊಟ್ಟಿಯ ಹಿಟ್ಟಿಗೆ ಬಿಸಿನೀರು ಸುರಿದರು.

ಅಲ್ಲಿಂದಾಚೆ ಮಗು ನಿದ್ದೆಯಲ್ಲಿ ಅಳಲಿಲ್ಲ. ಪಾಂಪ್ಲೆಟ್ಟಿನ ಪ್ರಕಾರ ಆ ವಯಸ್ಸಿಗೆ ಅದು ನಿಲ್ಲಬೇಕಾದದ್ದೇ. ನಾನು ಮಾತ್ರ ಗಡಿಯಾರ ನೋಡುವುದನ್ನು ಬಿಟ್ಟು, ಮಗು ಕೇಳಿದಾಗ ಹಾಲು ಕೊಟ್ಟೆ, ಅತ್ತಾಗ ಎತ್ತಿಕೊಂಡೆ. ಮುಂದೆ ನಾನೇ ಬಾಯಿಬಿಟ್ಟು ಹೇಳಿ ಲಿಂಗ ಕಟ್ಟಿಸಿದೆ. ಮಗಳು ಕಾಲೇಜಿಗೆ ಹೋಗುವಾಗ ಅದನ್ನು ತೆಗೆದಿಟ್ಟಳು, ನಡುವಯಸ್ಸಿನಲ್ಲಿ ತಾನೇ ಹುಡುಕಿ ಮತ್ತೆ ಕಟ್ಟಿಕೊಂಡಳು. ಎರಡು ಸಲವೂ ನಾನು ಅಭಿಪ್ರಾಯ ಕೊಡಲಿಲ್ಲ. ನನ್ನ ಬಾಳಿನ ದೊಡ್ಡ ಸಾಧನೆಗಳಲ್ಲಿ ಅದೂ ಒಂದು.

ಆ ಸಂಜೆಯ ಮಾತು ಅತ್ತೆಯ ಸಾವಿನದೇ ಎಂದು ನಾನು ಹೆದರಿ, ತಿಂಗಳುಗಟ್ಟಲೆ ಅವರಿಗೆ ಭಾರ ಎತ್ತಗೊಡಲಿಲ್ಲ. ಅವರು ಸಾಯುವ ಲಕ್ಷಣವೇ ಕಾಣಲಿಲ್ಲ. ನಮ್ಮೊಡನೆಯೇ ಉಳಿದರು, ವಿಜಯನಗರದಲ್ಲಿ ನಾವು ಕಟ್ಟಿಸಿದ ಮನೆಗೂ ಬಂದರು, ಕಟಕಟನೆ ರೊಟ್ಟಿ ಕಡಿದು ನನ್ನ ಹಲ್ಲನ್ನು ನಾಚಿಸಿದರು. ಆದರೆ ಆ ಸಂಜೆಯ ಮಾರನೆಯ ವಾರವೇ ತಮ್ಮ ಮೂಗಿನ ನತ್ತನ್ನು ಬಿಚ್ಚಿ, ಊರಿನಲ್ಲಿದ್ದ ತಮ್ಮ ಮಗಳಿಗೆ ಕಳಿಸಿದ್ದರು. ಆಮೇಲೆ ಒಂದು ಇಳಕಲ್ ಸೀರೆ ಹಾಲಿನವಳಿಗೆ. ಮುಂದಿನ ವರ್ಷ ಹಿತ್ತಾಳೆಯ ಕೊಡ ಯಾರಿಗೋ, ಅದರ ಮುಂದಿನ ವರ್ಷ ಎಲೆಅಡಿಕೆಯ ಸಂಚಿ ಇನ್ಯಾರಿಗೋ. ಅವಸರವಿಲ್ಲ, ಅಳತೆ ತಪ್ಪುವುದಿಲ್ಲ.

"ಎಲ್ಲಾ ಕೊಟ್ಬಿಟ್ರೆ ನಿಮಗೆ?" ಎಂದರೆ, "ಇನ್ನೂ ಐತಿ ಹೊತ್ತು" ಎನ್ನುತ್ತಿದ್ದರು. ನನ್ನ ಸಂವಿಧಾನದ ಪ್ರಭಾವವೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಹಲವು ವರ್ಷಗಳ ಮೇಲೆ ಒಂದು ದಿನ ಬೆಳಗ್ಗೆ ಅವರು ನೀರು ಕುಡಿಯುವ ತಾಮ್ರದ ಲೋಟವನ್ನು ಹೂವಿನವಳಿಗೆ ಕೊಟ್ಟುಬಿಟ್ಟರು. ಸಂಜೆ ನೀರು ಕೇಳಿದಾಗ ನನ್ನ ಲೋಟದಲ್ಲಿ ಕೊಟ್ಟೆ. "ಇವತ್ತೊಂದಿನ ನಿನ್ನ ಲೋಟದಾಗ" ಎಂದು ನಕ್ಕು ಕುಡಿದರು. ಬೆಳಗಾಗುವ ಹೊತ್ತಿಗೆ ಅವರಿರಲಿಲ್ಲ. ಅವರದೆಂದು ಉಳಿದಿದ್ದದ್ದು ಮೈಮೇಲಿನ ಸೀರೆ, ಹಗ್ಗದ ಮೇಲೆ ಒಣಗುತ್ತಿದ್ದ ಸೀರೆ, ಕೊರಳಿನ ಲಿಂಗ. ಲಿಂಗ ಅವರ ಜೊತೆಗೇ ಹೋಯಿತು. ಕೊಡುವ ವಸ್ತುಗಳೂ ಆಯುಷ್ಯವೂ ಒಟ್ಟಿಗೇ ಮುಗಿದಿದ್ದವು. ಉಳಿದ ವರ್ಷಗಳೆಷ್ಟು, ಎಷ್ಟರಿಂದ ಭಾಗಿಸಬೇಕು ಎಂದು ಗೊತ್ತಿದ್ದವರು ಮಾತ್ರ ಹಾಗೆ ಹಂಚಬಲ್ಲರು.

ಇರಲಿ, ಮೊನ್ನೆಯ ಮಾತಿಗೆ ಬರುತ್ತೇನೆ. "ಅಜ್ಜಿ, ಸ್ವಲ್ಪ ನೋಡ್ಕೊಳ್ತಿರಿ, ಸ್ನಾನ ಮಾಡ್ಕೊಂಡು ಬರ್ತೀನಿ" ಎಂದು ಮೊಮ್ಮಗಳು ಒಳಗೆ ಹೋದಳು. ಬಾಲ್ಕನಿಯಲ್ಲಿ ಬೆಳಕು ಕುಂದುತ್ತಿತ್ತು. ತಾನೇ ತೂಗುವ ಬ್ಯಾಟರಿ ತೊಟ್ಟಿಲು ತಾನೇ ನಿಂತಿತು. ಮಗು ಕಣ್ಣು ಬಿಟ್ಟಿತ್ತು. ನಗಲಿಲ್ಲ, ಅಳಲಿಲ್ಲ. ನನ್ನ ಭುಜಕ್ಕಿಂತ ಒಂದಿಷ್ಟು ಮೇಲೆ ನೋಡುತ್ತಿತ್ತು.

ಈ ಸಲ ಗಂಟಲು ನನ್ನ ಮಾತು ಕೇಳಿತು.

"ಮಗುವಿಗ್ಯಾಕಮ್ಮ ಹೇಳ್ತೀಯ? ನಾನಿದೀನಲ್ಲ. ಬಾ, ಕೂತ್ಕೋ."

ನನ್ನ ಬೆಂಗಳೂರು ಕನ್ನಡ ಅವಳಿಗೆ ತಿಳಿಯುತ್ತದೋ ಇಲ್ಲವೋ ಎಂಬ ಅನುಮಾನ ಆಗಲೂ ಬಂತು. ಸೋಫಾದಲ್ಲಿ ಒಂದಿಷ್ಟು ಸರಿದೆ. ಮಗುವಿನ ಕಣ್ಣು ಮೆಲ್ಲಗೆ ಇಳಿದು ನನ್ನ ಪಕ್ಕಕ್ಕೆ ಬಂದು ನಿಂತಿತು. ಆ ಕಡೆಗೆ ಕಿವಿ ವಾಲಿಸಿ ನಾನೂ "ಹೂಂ" ಎಂದೆ.

ಮೊಮ್ಮಗಳು ತಲೆ ಒರೆಸಿಕೊಳ್ಳುತ್ತ ಬಂದಳು. "ಯಾರ ಜೊತೆ ಅಜ್ಜಿ ಮಾತು?"

"ನಮ್ಮ ನಮ್ಮ ಮಾತು. ನಿನಗ್ಯಾಕೆ?"

ಮನೆಗೆ ಬಂದು ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆಯ ನಡುವೆ ನನ್ನ ನೆನಪುಗಳೆಲ್ಲ ಮಡಿಕೆ ಮುರಿಯದೆ ಕೂತಿದ್ದವು. ಎಲ್ಲಕ್ಕಿಂತ ಮೇಲಿನದನ್ನು, ಅರಿಸಿನ ಬಣ್ಣದ್ದನ್ನು, ಮೊಮ್ಮಗಳಿಗೆಂದು ಬೇರೆ ತೆಗೆದಿಟ್ಟೆ. ಸದ್ಯಕ್ಕೆ ಅದೊಂದೇ. ಉಳಿದವನ್ನು ಹಾಗೇ ಮುಚ್ಚಿದೆ. ಅವಸರವೇನಿಲ್ಲ, ಇನ್ನೂ ಹೊತ್ತಿದೆ.