ಏಳು ಲಕ್ಷ ಕಿಲೋಮೀಟರಿನ ಬಂಡೆಮ್ಮ

ಗಾಡಿಯನ್ನು ಗುಜರಿಗೆ ಹಾಕೋಣ ಎಂದು ಮೈದುನ ಹನುಮಂತ್ರಾಯ ಮೊದಲ ಸಲ ಹೇಳಿದಾಗ ಬಂಡೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಎರಡನೆಯ ಸಲ ಹೇಳಿದಾಗಲೂ ಬಡಿಯುತ್ತಲೇ ಇದ್ದಳು. ಮೂರನೆಯ ಸಲ ಹೇಳಿದಾಗ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ನಿಂತಳು.

"ಗುಜರಿಯಂವ ನಿನ್ನನ್ನ ತೂಗಿದ್ರ ಏನು ಕೊಡ್ತಾನ, ಮೊದ್ಲು ಅದನ್ನ ಕೇಳ್ಕೊಂಡು ಬಾ ಹೋಗು," ಅಂದಳು.

ನೀರಮಾನ್ವಿಯ ಹತ್ತಿರ ಕೊಯ್ಲಾದ ಒಂದು ಭತ್ತದ ಗದ್ದೆಯಲ್ಲಿ ಆ ವಾರ ಅವರ ಕುರಿಹಟ್ಟಿ ಇತ್ತು. ಅಣ್ಣ ಸಿದ್ರಾಮ, ತಮ್ಮ ಹನುಮಂತ್ರಾಯ, ಇಬ್ಬರದೂ ಸೇರಿ ಮುನ್ನೂರು ಕುರಿ. ಊರು ದೇವದುರ್ಗದ ಕಡೆಯದು, ಆದರೆ ವರ್ಷದ ಎಂಟು ತಿಂಗಳು ಬದುಕು ಹೊಲದಿಂದ ಹೊಲಕ್ಕೆ. ಹೊಲದವರಿಗೆ ಗೊಬ್ಬರ ಸಿಗುತ್ತದೆ, ಕುರಿಗೆ ಮೇವು. ಗಂಡಸರು ಕುರಿಗಳ ಹಿಂದೆ ನಡೆಯುತ್ತಾರೆ. ಆಗತಾನೆ ಹುಟ್ಟಿದ ಮರಿಗಳು, ಕುಂಟುವ ಕುರಿ, ಹಟ್ಟಿ ಕಟ್ಟುವ ಬಲೆ, ಗಡಿಗೆ, ಹಾಸಿಗೆ, ಕೋಳಿ ಎಲ್ಲವೂ ಪಿಕಪ್ಪಿನಲ್ಲಿ ಮುಂದಿನ ಹೊಲಕ್ಕೆ ಹೋಗುತ್ತವೆ. ಆ ಪಿಕಪ್ಪನ್ನು ಓಡಿಸುವವಳು ಸಿದ್ರಾಮನ ಹೆಂಡತಿ ಬಂಡೆಮ್ಮ. ಅವಳಿಗೆ ಐವತ್ತೆರಡು, ಗಾಡಿಗೆ ಇಪ್ಪತ್ತು.

ಅವಳೇನು ಹುಟ್ಟುತ್ತಲೇ ಸ್ಟೇರಿಂಗ್ ಹಿಡಿದು ಬಂದವಳಲ್ಲ. ಮದುವೆಯಾದ ಮೇಲೆ ಇಪ್ಪತ್ತೈದು ವರ್ಷ ತಲೆಯ ಮೇಲೆ ಗಡಿಗೆ, ಬಗಲಲ್ಲಿ ಕುರಿಮರಿ, ಸೀರೆಯ ಮಡಿಲಲ್ಲಿ ಇನ್ನೊಂದು ಮರಿ ಹೊತ್ತು ನಡೆದವಳು. ಅವಳ ಅಂಗಾಲು ನೋಡಿದರೆ ಆ ದಾರಿಯೆಲ್ಲ ಅಲ್ಲೇ ಇದೆ. ಆಮೇಲೆ ರಾಯಚೂರಿನ ಒಬ್ಬ ತರಕಾರಿ ವ್ಯಾಪಾರಿ ಹೈದರಾಬಾದಿಗೆ ಓಡಿಸಿ ಓಡಿಸಿ ಸಾಕಾಗಿ ಮಾರಿದ ಪಿಕಪ್ಪು ಮನೆಗೆ ಬಂತು. ಆಗಲೇ ಅದು ನಾಲ್ಕು ಲಕ್ಷ ಕಿಲೋಮೀಟರ್ ಓಡಿತ್ತು. ಮೊದಲು ಇಟ್ಟ ಡ್ರೈವರ್ ಯುಗಾದಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಎರಡನೆಯವನು ಕುಡಿದು ನಡುದಾರಿಯಲ್ಲಿ ಮಲಗಿಬಿಟ್ಟ. ನಲವತ್ತು ಮರಿಗಳು ಸುಡುಬಿಸಿಲಿನಲ್ಲಿ ಬಾಯಿಬಿಡುತ್ತಿದ್ದವು. ಬಂಡೆಮ್ಮ ಆ ಪುಣ್ಯಾತ್ಮನನ್ನು ಕಾಲು ಹಿಡಿದು ಆಚೆ ಎಳೆದು, ತಾನೇ ಹತ್ತಿ ಕೂತು, ಒಂದೇ ಗೇರಿನಲ್ಲಿ ನಾಲ್ಕು ಮೈಲಿ ಓಡಿಸಿದಳು. ಎಂಜಿನ್ ಅರಚಿತು, ಅವಳೂ ಅರಚಿದಳು, ಆದರೆ ಒಂದು ಮರಿಯೂ ಸಾಯಲಿಲ್ಲ. ಮರುವಾರವೇ ಮಾನ್ವಿಯ ಮೆಕ್ಯಾನಿಕ್ ಸಲಾವುದ್ದೀನನ ಮುಂದೆ ಹೋಗಿ ನಿಂತು, ಉಳಿದ ಗೇರು ಎಲ್ಲಿವೆ ತೋರಿಸು ಅಂದಳು.

ಅಲ್ಲಿಂದ ಆ ಗಾಡಿಯ ಯೋಗಕ್ಷೇಮ ಅವಳದು. ಎಂಜಿನ್ ಆಯಿಲ್ ಕಪ್ಪಾಗುವ ತನಕ ಕಾಯುವವಳಲ್ಲ. ರೇಡಿಯೇಟರಿಗೆ ಕಾಲುವೆಯ ಕೆಸರುನೀರು ಹಾಕುವವಳಲ್ಲ. ಸಲಾವುದ್ದೀನ್ ಎರಡು ಸಲ ಎಂಜಿನ್ ಬಿಚ್ಚಿ ಬೋರ್ ಮಾಡಿದ್ದಾನೆ, ಚಕ್ರದ ಮೇಲಿನ ಸ್ಪ್ರಿಂಗ್ ಕಟ್ಟುಗಳನ್ನು ಮೂರು ಸಲ ಬಡಿದು ಕೂಡಿಸಿದ್ದಾನೆ. ಕಾಲಡಿಯ ತಗಡು ತುಕ್ಕು ಹಿಡಿದು ರಸ್ತೆ ಕಾಣತೊಡಗಿದಾಗ ಎಣ್ಣೆ ಡಬ್ಬದ ತಗಡು ಹೊಡೆದು ಬೆಸುಗೆ ಹಾಕಿದ. ಮೀಟರ್ ಮಾತ್ರ ಐದು ಲಕ್ಷ ದಾಟಿ ನಿಂತುಹೋಯಿತು. ಎಷ್ಟು ಸಲ ಆಯಿಲ್ ಬದಲಿಸಿದ್ದೇನೆ ಎಂದು ಲೆಕ್ಕ ಹಾಕಿ, ಏಳು ಲಕ್ಷಕ್ಕೆ ಒಂದು ಕಿಲೋಮೀಟರೂ ಕಮ್ಮಿ ಇಲ್ಲ ಎಂದು ಅವನು ಆಣೆ ಮಾಡುತ್ತಾನೆ.

ಇಂಥ ಗಾಡಿಯನ್ನು ಗುಜರಿಗೆ ಹಾಕಿ ಹೊಸದು ತರಬೇಕಂತೆ! ತಂದರೆ ಅದನ್ನು ಓಡಿಸುವವನು ಯಾರು? ಆರು ತಿಂಗಳ ಹಿಂದೆ ಸದ್ದಿಲ್ಲದೆ ಲೈಸೆನ್ಸ್ ಮಾಡಿಸಿಕೊಂಡ ಹನುಮಂತ್ರಾಯ. "ಹೊಸಾ ಗಾಡಿ ನಾಜೂಕು ಇರ್ತಾವ, ಹೆಣ್ಮಕ್ಕಳ ಕೈಯಾಗ ತಡಿಯಂಗಿಲ್ಲ," ಎಂದು ಅವನು ಹಟ್ಟಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಗಾಡಿ ಹೋದರೆ ತಾನು ಮತ್ತೆ ಹಿಂದಕ್ಕೆ, ಕೋಳಿಬುಟ್ಟಿಯ ಪಕ್ಕಕ್ಕೆ, ಎಂಬುದು ಬಂಡೆಮ್ಮನಿಗೆ ಚೆನ್ನಾಗಿ ಗೊತ್ತಿತ್ತು. 

ಸಿದ್ರಾಮ ಯಾವ ಕಾಲಕ್ಕೂ ನಡುವೆ ಕೂರುವ ಮನುಷ್ಯ. ತಲೆ ಕೆರೆದುಕೊಂಡು ತೀರ್ಮಾನ ಕೊಟ್ಟ: "ಮುಂದಿನ ಮಂಗಳವಾರ ಗಾಡಿ ತಪಾಸಣಿ, ಎಫ್‌ಸಿ ಅದ. ಆರ್‌ಟಿಓದವರು ಪಾಸ್ ಮಾಡಿದ್ರ ಗಾಡಿ ಇರ್ಲಿ. ಇಲ್ಲಂದ್ರ ಹೋಗ್ಲಿ."

"ಆತು. ನಾನ ಪಾಸ್ ಮಾಡಿಸ್ಕೊಂಡು ಬರ್ತೀನಿ. ಒಬ್ಬರೂ ಸಂಗಾಟ ಬರಬ್ಯಾಡ್ರಿ," ಅಂದಳು ಬಂಡೆಮ್ಮ.

ಪ್ರತಿ ವರ್ಷ ಗಾಡಿಯನ್ನು ರಾಯಚೂರಿಗೆ ತಪಾಸಣೆಗೆ ಒಯ್ಯುತ್ತಿದ್ದವರು ಸಿದ್ರಾಮ ಮತ್ತು ಸಲಾವುದ್ದೀನ್. ಈ ಸಲ ಅವಳು ಮಾನ್ವಿಯ ಗ್ಯಾರೇಜಿನಲ್ಲಿ ಎರಡು ದಿನ ಕೂತು ಬ್ರೇಕ್ ಲೈನರ್ ಹಾಕಿಸಿದಳು, ಬಲ್ಬು ಬದಲಿಸಿದಳು, ಹಿಂದೆ ಕೆಂಪು ಪಟ್ಟಿ ಅಂಟಿಸಿದಳು. ಹೊರಡುವಾಗ ಸಲಾವುದ್ದೀನ್ ಕಿಟಕಿಗೆ ಬಂದು ನಿಂತ.

"ಅಕ್ಕಾ, ನಾನೂ ಬರ್ತೀನ್ರೀ."

"ನೀ ಬಂದ್ರ, ಸಲಾವುದ್ದೀನ್ ಪಾಸ್ ಮಾಡಿಸ್ದಾ ಅಂತ ನನ್ನ ಮೈದುನ ಸಾಯೂತನಕ ಹೇಳ್ತಾನ. ಬ್ಯಾಡ."

"ಹಂಗಲ್ರೀ ಅಕ್ಕಾ, ಆ ಚಾಸಿ ನಂಬರಿಂದು ಒಂದು ಮಾತು—"

"ಎಲ್ಲಾ ನನಗ ಗೊತ್ತದ, ಸರಿ ಆ ಕಡಿ," ಅಂದು ಬಂಡೆಮ್ಮ ಹೊರಟೇಬಿಟ್ಟಳು. ಸಿಟ್ಟಿನಲ್ಲಿ ಇದ್ದವರಿಗೆ ಯಾರ ಮಾತು ಕೇಳುತ್ತದೆ ಹೇಳಿ.

ರಾಯಚೂರಿನ ತಪಾಸಣೆ ಮೈದಾನದಲ್ಲಿ ಗಾಡಿಗಳ ಸಾಲು. ಹೊಳೆಯುವ ಬಿಳಿ ಪಿಕಪ್ಪುಗಳ ನಡುವೆ ತನ್ನದನ್ನು ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು. ಇನ್‌ಸ್ಪೆಕ್ಟರು ಮೈಸೂರು ಕಡೆಯವರು, ಮಾತು ಕಮ್ಮಿ.

"ಡ್ರೈವರ್ ಎಲ್ಲಮ್ಮಾ?"

"ನಿಮ್ಮ ಎದುರಿಗೇ ನಿಂತಾಳಲ್ರೀ ಸಾಹೇಬ್ರ."

ಅವರು ನಗಲಿಲ್ಲ. ತಾವೇ ಹತ್ತಿ ಒಂದು ಸುತ್ತು ಓಡಿಸಿದರು, ಬ್ರೇಕ್ ಒತ್ತಿದರು. ಗಾಡಿ ಗಕ್ಕನೆ ನಿಂತಿತು. ಹೊಗೆ ನೋಡಿದರು, ಲೈಟು, ಹಾರ್ನು, ಟೈರು ನೋಡಿದರು. ಒಂದೊಂದಕ್ಕೂ ಚೀಟಿಯಲ್ಲಿ ಗುರುತು ಹಾಕುತ್ತ ಹೋದಂತೆ ಬಂಡೆಮ್ಮನ ಎದೆ ಉಬ್ಬುತ್ತ ಹೋಯಿತು. ಆಮೇಲೆ ಅವರು ಮುಂದಿನ ಬಲಚಕ್ರದ ಹತ್ತಿರ ಬಗ್ಗಿ, ಬ್ಯಾಟರಿಯ ಬೆಳಕು ಬಿಟ್ಟು, ಅಲ್ಲೇ ಕೂತರು.

"ಇದೇನಮ್ಮಾ ಇದು?"

ಚಾಸಿ ನಂಬರ್ ಕೆತ್ತಿರುವ ಜಾಗದಲ್ಲಿ ಬೆರಳು ದಪ್ಪದ ಹಳದಿ ಗಟ್ಟಿ ಕೂತಿತ್ತು.

"ಭಂಡಾರ್ರೀ. ಅಮಾಸಿಗೊಮ್ಮೆ ಪೂಜಾ ಮಾಡ್ತೀನಿ," ಅಂದಳು ಬಂಡೆಮ್ಮ.

ಗಾಡಿ ಕೊಂಡ ದಿನ ಆ ತರಕಾರಿ ವ್ಯಾಪಾರಿ ಆ ನಂಬರನ್ನು ತೋರಿಸಿ, ಇದೇ ಗಾಡಿಯ ಜೀವ, ಇದಿಲ್ಲದಿದ್ದರೆ ಗಾಡಿಯೇ ಇಲ್ಲ ಅಂದಿದ್ದ. ಜೀವ ಅಲ್ಲಿದೆ ಅಂದ ಮೇಲೆ ಪೂಜೆ ಬಾನೆಟ್ಟಿಗೆ ಯಾಕೆ? ಅಂದಿನಿಂದ ಎಣ್ಣೆ ಸವರಿ, ಕುಲದೇವರು ಬೀರಪ್ಪನ ಅರಿಶಿನದ ಭಂಡಾರ ಮೆತ್ತಿ, ಊದಿನಕಡ್ಡಿ ಬೆಳಗಿ, ಎಲ್ಲವೂ ಅಲ್ಲಿಗೇ. ಅದರ ಮೇಲೆ ದಾರಿಯ ಧೂಳು, ಕಾಲುವೆಯ ಕೆಸರು.

"ನಂಬರಿನ ಫೋಟೋ ಬೇಕು. ನಂಬರೇ ಕಾಣಲಿಲ್ಲ ಅಂದ್ರೆ ನಾನೇನು ಮಾಡಲಿ? ಫೇಲ್ ಅಂತ ಬರೀಬೇಕಾಗುತ್ತೆ."

ಬಂಡೆಮ್ಮ ಬಗ್ಗಿ ಆ ಗಟ್ಟಿಯನ್ನು ನೋಡಿದಳು. ಮರುಗಳಿಗೆಯಲ್ಲೇ ಎಲ್ಲ ಹೊಳೆಯಿತು. ಪ್ರತಿ ವರ್ಷ ಎಫ್‌ಸಿ ಮುಗಿಸಿ ಬಂದಾಗ ಭಂಡಾರ ಮಾಯವಾಗಿರುತ್ತಿತ್ತು. ಕೇಳಿದರೆ ಗಂಡ, ಮಳೆಗೆ ತೊಳೆದುಹೋಯಿತು ಅನ್ನುತ್ತಿದ್ದ. ಬ್ಯಾಸಿಗಿಯಲ್ಲಿ ಮಳೆ! ತನಗೆ ಹೆದರಿ ಆ ಇಬ್ಬರು ಗಂಡಸರು ವರ್ಷವರ್ಷವೂ ಕದ್ದು ತಿಕ್ಕಿ ತೆಗೆಯುತ್ತಿದ್ದರು. ಸಲಾವುದ್ದೀನ್ ಹೇಳಲು ಬಂದಿದ್ದೂ ಅದನ್ನೇ.

ಎದ್ದು ನಿಂತು ಗೇಟಿನ ಕಡೆ ನೋಡಿದರೆ, ಅಲ್ಲಿ ಹನುಮಂತ್ರಾಯ! ಜೊತೆಗೆ ಗುಜರಿ ಅಂಗಡಿಯ ಸೂಗಪ್ಪ. ಫೇಲಾಗುವುದು ಖಾತ್ರಿ ಎಂದು ವ್ಯಾಪಾರಿಯನ್ನು ಕಟ್ಟಿಕೊಂಡೇ ಬಂದಿದ್ದ.

"ಮುಗೀತಾ ಅತ್ತಿಗಿ?" ಅಂದ ಹನುಮಂತ್ರಾಯ.

ಬಂಡೆಮ್ಮ ಸಾಹೇಬರ ಕಡೆ ತಿರುಗಿದಳು. "ಸಾಹೇಬ್ರ, ಹಿಂದಿನ ಎರಡು ಗಾಡಿ ನೋಡೂತನಕ ಟೈಮ್ ಕೊಡ್ರಿ. ಬ್ಯಾರೆ ಏನೂ ಕೇಳಂಗಿಲ್ಲ," ಅಂದಳು.

"ಕೊಡ್ತೀನಿ. ಆದರೆ ಕಬ್ಬಿಣ ತಾಗಿಸಬೇಡಿ. ನಂಬರಿನ ಮೇಲೆ ಒಂದು ಗೀರು ಬಿದ್ದರೂ ತಿದ್ದಿದ್ದಾರೆ ಅಂತ ಆಗುತ್ತೆ."

ಕೈಗೆತ್ತಿಕೊಂಡಿದ್ದ ಸ್ಕ್ರೂಡ್ರೈವರನ್ನು ಬಂಡೆಮ್ಮ ಎಸೆದಳು. ಸೀಟಿನ ಮೇಲೆ ಹಾಸಿದ್ದ ಕಂಬಳಿ ಎಳೆದುಕೊಂಡು, ಅದರ ತುದಿಯನ್ನು ಗಾಡಿಯಲ್ಲಿದ್ದ ಡಬ್ಬದ ಡೀಸೆಲ್ಲಿನಲ್ಲಿ ಅದ್ದಿ, ಗಾಡಿಯ ಕೆಳಗೆ ಅಂಗಾತ ಮಲಗಿದಳು. ದೇವರ ಭಂಡಾರವನ್ನು ತಿಕ್ಕಿ ತೆಗೆಯಬೇಕಲ್ಲ ಎಂದು ಕೈ ಒಂದು ಕ್ಷಣ ಹಿಂದೆಗೆಯಿತು.

"ಬೀರಪ್ಪಾ, ತಪ್ಪು ನಂದು. ಸ್ವಲ್ಪ ಆ ಕಡಿ ಮುಖ ಮಾಡಪ್ಪಾ," ಅಂದು ತಿಕ್ಕತೊಡಗಿದಳು.

ಒರಟು ಉಣ್ಣೆಗೆ ಗಟ್ಟಿ ಕರಗತೊಡಗಿತು. ಹಳದಿ ಡೀಸೆಲ್ ತೋಳಿನುದ್ದ ಇಳಿದು ಕುಪ್ಪಸ ಸೇರಿತು. ಕಣ್ಣು ಉರಿಯಿತು. ಮೊದಲು ಒಂದು ಅಂಕಿ ಕಂಡಿತು, ಆಮೇಲೆ ಎರಡು, ಆಮೇಲೆ ಸಾಲು. ಕೊನೆಯ ಮೂರು ಮಾತ್ರ ಕಪ್ಪಗೆ ಕೂತಿದ್ದವು. ತುಕ್ಕು ತಿಂದುಬಿಟ್ಟಿದ್ದರೆ ಮುಗಿಯಿತು, ಯಾವ ದೇವರೂ ಬರುವುದಿಲ್ಲ. ಬಂಡೆಮ್ಮ ಹಲ್ಲು ಕಚ್ಚಿ, ಇಪ್ಪತ್ತೈದು ವರ್ಷ ಹೊತ್ತ ಗಡಿಗೆಗಳ ಸಿಟ್ಟನ್ನೆಲ್ಲ ಆ ಮೂರು ಅಂಕಿಗಳ ಮೇಲೆ ಹಾಕಿದಳು. ಒಂಬತ್ತು ಬಂತು. ನಾಲ್ಕು ಬಂತು. ಕಡೆಗೆ ಒಂದು.

"ಬರ್ರಿ ಸಾಹೇಬ್ರ!" ಎಂದು ಗಾಡಿಯ ಕೆಳಗಿನಿಂದಲೇ ಕೂಗಿದಳು.

ಇನ್‌ಸ್ಪೆಕ್ಟರು ಬಗ್ಗಿ, ಒಂದೊಂದೇ ಅಂಕಿ ಓದಿ, ಕಾಗದದ ಜೊತೆ ಹೋಲಿಸಿ, ಫೋಟೋ ತೆಗೆದರು. "ಇಪ್ಪತ್ತು ವರ್ಷದ ಗಾಡಿ. ಹತ್ತು ವರ್ಷದವುಗಳಲ್ಲೇ ನಂಬರ್ ತುಕ್ಕು ಹಿಡಿದಿರುತ್ತೆ. ಇದು ನಿನ್ನೆ ಕೆತ್ತಿದ ಹಾಗಿದೆ," ಅಂದರು.

"ಎಣ್ಣಿ, ಭಂಡಾರ ಕುಡಿಸಿ ಜ್ವಾಪಾನ ಮಾಡೀನ್ರೀ," ಅಂದಳು ಬಂಡೆಮ್ಮ. ಮುಖದ ತುಂಬ ಹಳದಿ, ಕರಿ. ಈಗ ಇನ್‌ಸ್ಪೆಕ್ಟರು ನಕ್ಕರು, ಚೀಟಿಗೆ ಸಹಿ ಹಾಕಿದರು.

ಸೂಗಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾನೆಟ್ ತಟ್ಟಿ ನೋಡಿ, "ಹನುಮಂತ್ರಾಯ, ನಾ ಬರ್ತೀನಪಾ. ಇದು ನನ್ನ ಕಾಲದಾಗ ತಕ್ಕಡಿ ಹತ್ತಂಗ ಕಾಣವಲ್ದು," ಎಂದು ಹೊರಟುಹೋದ.

ಹನುಮಂತ್ರಾಯ ಗಾಡಿಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನು ಏಳಲು ನೋಡಿದ. ಆಗಲಿಲ್ಲ. ಬಂಪರ್ ಹಿಡಿದು, ಹಲ್ಲು ಕಚ್ಚಿಕೊಂಡು ಎದ್ದ. ಬಂಡೆಮ್ಮ ಅದನ್ನು ನೋಡಿದಳು.

"ಕಾಲಿಗೆ ಏನಾಗ್ಯದ?"

"ಏನಿಲ್ಲ."

"ಏನಿಲ್ಲಂದ್ರ ಬಂಪರ್ ಯಾಕ ಬೇಕು? ಬಾಯಿ ಬಿಡಲೇ."

ಅವನು ನೆಲ ನೋಡಿದ. "ಮೊಣಕಾಲು, ಅತ್ತಿಗಿ. ಎರಡು ವರ್ಷ ಆತು. ಕುರಿ ಹಿಂದ ನಡಿಯಾಕ ಆಗವಲ್ದು. ನಲವತ್ತಾರಕ್ಕ ಕಾಲು ಹೋದ್ವು ಅಂತ ಅಣ್ಣನ ಮುಂದ ಹ್ಯಾಂಗ ಹೇಳ್ಲಿ? ಗಾಡಿ ಕೈಗೆ ಬಂದ್ರ ಕುಂತು ಹೋಗಬಹುದು ಅನಿಸ್ತು."

ಬಂಡೆಮ್ಮನಿಗೆ ಸಿಟ್ಟೂ ಬಂತು, ಮರುಕವೂ ಬಂತು. ನಡೆದು ನಡೆದು ಸವೆಯುವುದು ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅದನ್ನ ಹೇಳಾಕ ನಾಲಿಗಿ ಇರ್ಲಿಲ್ಲ ನಿನಗ? ಕುಂದ್ರಾಕ ಜಾಗಾ ಬೇಕು ಅಂತ ಕೇಳಿದ್ರ ನಾ ಬ್ಯಾಡ ಅಂತಿದ್ನಾ? ಹೆಣ್ಮಕ್ಕಳ ಕೈಯಾಗ ತಡಿಯಂಗಿಲ್ಲ ಅಂತಾನ! ಗಾಡಿ ಏಳು ಲಕ್ಷ ತಡದೈತಿ, ನಿನ್ನ ಎರಡು ಮೊಣಕಾಲು ತಡೀಲಿಲ್ಲ." ಎಡಗಡೆಯ ಬಾಗಿಲು ತೆಗೆದಳು. "ಹತ್ತು. ಇವತ್ತಿನಿಂದ ಈ ಸೀಟು ನಿಂದು. ನಿನ್ನ ಅಣ್ಣನ ಸಂಗಾಟ ನಾ ಮಾತಾಡ್ತೀನಿ. ಸ್ಟೇರಿಂಗ್ ಮಾತ್ರ ಕೇಳಬ್ಯಾಡ."

ಅವನು ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟು ಕೂತ. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು.

"ನನಗೂ ಲೈಸೆನ್ಸ್ ಅದ, ಅತ್ತಿಗಿ," ಅಂದ ಮೆಲ್ಲಗೆ.

"ಇರ್ಲಿ, ಜ್ವಾಪಾನ ಇಟ್ಕೋ. ನಾ ಸತ್ತ ಮ್ಯಾಲ ನೀನ ಓಡಿಸು."

"ಯಾವಾಗ?" ಬಾಯಿತಪ್ಪಿ ಬಂದುಬಿಟ್ಟಿತು ಅವನಿಗೆ.

"ಇದು ಗುಜರಿಗೆ ಹೋದ ಮರುದಿನ ಸಾಯ್ತೀನಿ," ಅಂದು ಬಂಡೆಮ್ಮ ಗೇರ್ ಹಾಕಿದಳು.