ಗಿರಣಿ ಆಯಿಯ ಸರದಿ

ಗಿರಣಿ ಆಯಿ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಹಿಟ್ಟಿನ ಗಿರಣಿಯ ಗದ್ದಲದೊಳಗೇ ಆಯುಷ್ಯ ಕಳೆದವಳು. ಮಷೀನು ನಿಂತರೂ ಅವಳ ದನಿಗೆ ಅದು ಗೊತ್ತಾಗುತ್ತಿರಲಿಲ್ಲ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದರೂ ಅದೇ ದನಿ, ಗುಡಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಾಗಲೂ ಅದೇ ದನಿ. "ಒಂದು ಗುಟ್ಟು ಹೇಳ್ತೇನಿ, ಹಂತ್ಯಾಕ ಬರ್ರಿ" ಎಂದು ಕರೆದು ಅವಳು ನನಗೆ ಹೇಳಿದ ಗುಟ್ಟುಗಳೆಲ್ಲ ನಮ್ಮ ಓಣಿಗೇ ಗೊತ್ತಿವೆ. ಹುಬ್ಬಿನ ಮೇಲೆ, ಕಿವಿಯ ಬೆಂಡೋಲೆಯ ಮೇಲೆ ಸದಾ ಜೋಳದ ಹಿಟ್ಟು ಕೂತಿರುತ್ತಿತ್ತು. ಅದನ್ನು ಒರೆಸಿಕೋ ಎಂದರೆ, ಒರೆಸಿದರೆ ಜನರಿಗೆ ನನ್ನ ಗುರುತು ಸಿಗುವುದಿಲ್ಲ ಎನ್ನುತ್ತಿದ್ದಳು.

ಹೆಸರು ಶಾಲಿನಿ. ಹುಟ್ಟಿದ್ದು ಗೋವೆಯ ಒಂದು ಹಳ್ಳಿಯಲ್ಲಿ, ಗೋವೆ ಇನ್ನೂ ಪೋರ್ತುಗೀಸರ ಕೈಯಲ್ಲಿದ್ದಾಗ. ಗಂಡ ಧಾರವಾಡ ಜಿಲ್ಲೆಯವನು, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನು ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಗಿರಣಿ ಹಾಕಿದಳು. ಮಗ ಸೊಸೆ ಇಬ್ಬರೂ ಅಕಾಲದಲ್ಲಿ ಹೋದಾಗ ಮೊಮ್ಮಗಳು ಸುಮಾಳನ್ನು ಅದೇ ಗಿರಣಿಯ ದುಡಿಮೆಯಲ್ಲಿ ಬೆಳೆಸಿದಳು. ಸಿಟ್ಟು ಬಂದರೆ ಕೊಂಕಣಿ, ಲೆಕ್ಕಕ್ಕೆ ಮರಾಠಿ, ಉಳಿದದ್ದಕ್ಕೆಲ್ಲ ಗಂಡನ ಊರಿನ ಕನ್ನಡ. ಹಳಿಯಾಳದಿಂದ ವರ್ಗವಾಗಿ ಬಂದು ಅವಳ ಎದುರು ಮನೆ ಹಿಡಿದ ನಾನು ಶಾಲೆಯ ಶಿಕ್ಷಕಿಯಾದ್ದರಿಂದ ಮೊದಲ ದಿನದಿಂದಲೂ ಅವಳಿಗೆ "ಅಕ್ಕೋರ".

ಗಿರಣಿಯಲ್ಲಿ ಅವಳದೇ ಒಂದು ಕಾಯ್ದೆ ಇತ್ತು. ಕಾಳಿನ ಡಬ್ಬಿ ತಂದು ಸಾಲಿನಲ್ಲಿ ಇಟ್ಟರೆ ಮುಗಿಯಿತು. ಮನೆಗೆ ಹೋಗಿ ಅಡಿಗೆ ಮಾಡಿ ಬಂದರೂ ಸರದಿ ತಪ್ಪುತ್ತಿರಲಿಲ್ಲ. ಡಬ್ಬಿ ಯಾರ ಮನೆಯದು, ಯಾವ ಊರಿನದು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಮುಂಡಗೋಡದ ಕ್ಯಾಂಪಿನಿಂದ ಬರುತ್ತಿದ್ದ ಒಬ್ಬ ಟಿಬೆಟನ್ ಮುದುಕ ಹುರಿದ ಜವೆಗೋದಿ ತಂದಿಟ್ಟಿದ್ದ. ಹಿಂದೆ ನಿಂತ ಒಬ್ಬಾಕೆ, "ಪರದೇಶದಂವ, ತಡೀತಾನ ಬಿಡ್ರಿ, ನಂದು ಮೊದಲ ಬೀಸಿ ಕೊಡ್ರಿ" ಎಂದಳು. ಆಯಿ ಮಷೀನು ನಿಲ್ಲಿಸಿದಳು.

"ಅಂವ ಡಬ್ಬಿ ಇಟ್ಟಾನಿಲ್ಲೋ? ಇಟ್ಟಾನಂದ್ರ ಸರದಿ ಐತಿ. ದೇಶ ಕೇಳಿ ಬೀಸಾಕ ನಾ ಪೊಲೀಸಾಕಿಯೇನು?"

ಹಿಟ್ಟು ಬೀಸುತ್ತ ಬೀಸುತ್ತ ಆ ಮುದುಕನ ಕಥೆಯನ್ನೆಲ್ಲ ಕೇಳಿಕೊಂಡಳು. ಅವನಿಗೆ ಇಲ್ಲಿ ಓಟಿಲ್ಲ. ಆದರೆ ದೇಶ ಬಿಟ್ಟು ಬಂದ ಅವರದೇ ಒಂದು ಸಭೆ ಇದೆ, ಅದಕ್ಕೆ ಅವನು ಮುಂಡಗೋಡದಲ್ಲಿ ಕೂತೇ ಓಟು ಹಾಕುತ್ತಾನೆ. ಇದು ಅವಳಿಗೆ ಬಹಳ ಹಿಡಿಸಿತು. ಹೋಗಿ ನೋಡಲಾಗದ ಊರಿಗೂ ಓಟು ಹಾಕುವವರಿದ್ದಾರೆ ಎಂದು ಮುಂದಿನ ಒಂದು ವಾರ ಬಂದವರಿಗೆಲ್ಲ ಹೇಳಿದಳು.

ಓಟೆಂದರೆ ಅವಳಿಗೆ ಅಂಥ ಹುಚ್ಚು. ಮತದಾನದ ದಿನ ಓಟು ಹಾಕಿ ಬರುವವರೆಗೆ ಅವಳ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ, ಒಂದು ಗುಟುಕು ಚಹಾ ಸಹ ಇಲ್ಲ. ಹಬ್ಬಕ್ಕೆ ಉಡುವ ಸೀರೆ ಉಟ್ಟು ಮತಗಟ್ಟೆಯ ಬಾಗಿಲು ತೆರೆಯುವ ಮೊದಲೇ ನಿಂತಿರುತ್ತಿದ್ದಳು. ಓಟು ಕೇಳಲು ಬಂದವರಿಗೆ ಅವಳ ಗಿರಣಿ ಒಂದು ಪರೀಕ್ಷೆ. ಕೈ ಮುಗಿದು ಒಳಗೆ ಬಂದ ಒಬ್ಬ ದೊಡ್ಡ ಮನುಷ್ಯನನ್ನು ಅವಳು ಕೇಳಿದ್ದು ನನಗಿನ್ನೂ ನೆನಪಿದೆ: "ಹ್ವಾದ ಸಲ ಬ್ಯಾರೆ ಪಕ್ಷದಾಗ ಇದ್ರಿ. ಆಗ ಹೇಳಿದ್ದು ಖರೇನೋ, ಈಗ ಹೇಳೂದು ಖರೇನೋ?" ಪಾಪ, ಮಷೀನು ಆಗ ನಿಂತಿತ್ತು. ಹೊರಗಿದ್ದ ಅವನ ಹಿಂಬಾಲಕರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

ಇಂಥವಳು ತನ್ನ ಓಟನ್ನು ತಾನೇ ಬಿಟ್ಟುಕೊಟ್ಟಳು.

ಆದದ್ದಿಷ್ಟು. ಪೋರ್ತುಗೀಸರ ಕಾಲದ ಗೋವೆಯಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ತುಗಲ್ ದೇಶದ ಪೌರತ್ವ ಸಿಗುತ್ತದೆ. ಅದೊಂದು ಸಿಕ್ಕರೆ ಯುರೋಪಿನ ಬೇರೆ ದೇಶಗಳಲ್ಲೂ ಹೋಗಿ ದುಡಿಯಬಹುದು. ಸುಮಾ ನರ್ಸಿಂಗ್ ಓದಿದ್ದಳು, ಅವಳಿಗೆ ಆ ದಾರಿ ಬೇಕಾಗಿತ್ತು. ಅಜ್ಜಿಯ ಹುಟ್ಟು ಅಲ್ಲಿ ದಾಖಲಾದ ಮೇಲೆ ಮೊಮ್ಮಗಳದೂ ಆಯಿತು. ಸುಮಾ ಪೋರ್ತುಗಲ್ಲಿಗೆ ಹೋಗಿ, ಅಲ್ಲಿಂದ ಸ್ಪೇನಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದಳು. ನೀನೂ ಅಲ್ಲಿನ ಪಾಸ್‌ಪೋರ್ಟ್ ತೆಗೆದುಕೋ, ಬೇಕಾದಾಗ ಬಂದು ಹೋಗಬಹುದು ಎಂದು ಗಂಟುಬಿದ್ದಳು. ತನ್ನವರೆಂದು ಉಳಿದ ಜೀವ ಅದೊಂದೇ. ಆಯಿ ಒಪ್ಪಿದಳು. ನಮ್ಮ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರತ್ವ ಹಿಡಿದವರಿಗೆ ಇಲ್ಲಿನದು ಹೋಗುತ್ತದೆ. ದಾಂಡೇಲಿಯಲ್ಲಿ ಇರಲು ಅಡ್ಡಿಯಿಲ್ಲ, ಅದಕ್ಕೊಂದು ಕಾರ್ಡು ಕೊಡುತ್ತಾರೆ. ಓಟು ಮಾತ್ರ ಇಲ್ಲ.

ಸುಮ್ಮನಿರು, ಯಾರಿಗೆ ಗೊತ್ತಾಗುತ್ತದೆ, ಹೆಸರು ಪಟ್ಟಿಯಲ್ಲಿ ಇದ್ದರೆ ಇರಲಿ ಎಂದು ಓಣಿಯವರೆಲ್ಲ ಬುದ್ಧಿ ಹೇಳಿದರು. ಅವಳು ನನ್ನನ್ನು ಎಬ್ಬಿಸಿಕೊಂಡು ಹೆಸರು ತೆಗೆಸಲು ತಹಶೀಲ್ದಾರರ ಕಚೇರಿಗೆ ನಡೆದಳು. ಅಲ್ಲಿನ ಗುಮಾಸ್ತ ಅರ್ಜಿ ನೋಡಿ ಕನ್ನಡಕ ತೆಗೆದ.

"ಆಯಿ, ಸತ್ತವರ ಹೆಸರು ತಗೀರಿ ಅಂತ ಬಡಕೊಂಡ್ರೂ ಮನೆಯವರು ಬರಂಗಿಲ್ಲ. ನೀವು ಜೀವಂತ ಇದ್ದು ಬಂದೀರಲ್ಲರೀ?"

"ಜೀವಂತ ಇದ್ದೇನಿ ಅಂತನ ಬಂದೇನಿ. ಕಳ್ಳ ಓಟು ನಾ ಹಾಕಂಗಿಲ್ಲ. ತಗೀರಿ."

ಗಟ್ಟಿಯಾಗಿಯೇ ಹೇಳಿದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ನನಗೆ ಅಳು ಬಂದಿತ್ತು, ಅವಳಿಗೆ ಸಿಟ್ಟು ಬಂದಿತ್ತು. ಮುಂದಿನ ಲೋಕಸಭಾ ಚುನಾವಣೆಯ ದಿನ ಬೆಳಿಗ್ಗೆ ಅವಳ ಮನೆಯ ಒಲೆ ಹೊತ್ತಿತು. ಚಹಾ ಕುಡಿದು, "ಕಹಿ ಆತ್ರಿ, ಅಕ್ಕೋರ" ಎಂದಳು. ಇಡೀ ದಿನ ಗಿರಣಿ ಚಾಲೂ ಮಾಡಲಿಲ್ಲ.

ಇಲ್ಲಿ ಓಟು ತಪ್ಪಿದ ಮರು ತಿಂಗಳೇ ಅಲ್ಲಿನ ಓಟು ಬಂತು. ಯುರೋಪಿನ ಬಹಳಷ್ಟು ದೇಶಗಳು ಸೇರಿ ನಡೆಸುವ ಒಂದು ಪಾರ್ಲಿಮೆಂಟಿದೆ, ಅದರ ಚುನಾವಣೆಗೆ ನೀನು ಪಣಜಿಯಲ್ಲಿರುವ ಪೋರ್ತುಗಲ್ಲಿನ ಕಚೇರಿಗೆ ಹೋಗಿ ಓಟು ಹಾಕಬಹುದು ಎಂದು ಸುಮಾ ಫೋನಿನಲ್ಲಿ ಹೇಳಿದ್ದೇ ತಡ, ಆಯಿಯ ಮುಖ ನೋಡಬೇಕಿತ್ತು. ಯಾವ ಪಕ್ಷ ಯಾವುದು, ವೃದ್ಧಾಶ್ರಮದಲ್ಲಿ ದುಡಿಯುವವರ ಬಗ್ಗೆ ಯಾರು ಏನು ಹೇಳುತ್ತಾರೆ, ಹೊರಗಿನಿಂದ ಬಂದವರನ್ನು ಯಾರು ಬೈಯುತ್ತಾರೆ ಎಂದು ಮೊಮ್ಮಗಳ ಜೀವ ತಿಂದಳು. ಓಣಿಯ ಗಂಡಸರು ನಕ್ಕರು. ಪಾನಂಗಡಿಯ ಬಸಣ್ಣ, "ಆಯಿ, ಆ ಪಾರ್ಲಿಮೆಂಟ್ ಯಾವ ಊರಾಗ ಐತಿ ಅಂತ ಗೊತ್ತೈತೇನು?" ಎಂದು ಕೆಣಕಿದ.

"ನೀ ದಿಲ್ಲಿ ನೋಡೀಯೇನು? ನೋಡದನ ಇಷ್ಟು ವರ್ಷ ಓಟು ಹಾಕಿಲ್ಲೇನು?" ಎಂದು ಆಯಿ ಅವನ ಬಾಯಿ ಮುಚ್ಚಿಸಿದಳು.

ಜೋಯಿಡಾ, ರಾಮನಗರ ದಾಟಿ ಅನಮೋಡ ಘಟ್ಟ ಇಳಿಯುವ ಬಸ್ಸಿನಲ್ಲಿ ಹೋದೆವು. ದಾರಿಯುದ್ದ ಅವಳು ಏನೂ ಮುಟ್ಟಲಿಲ್ಲ. ಓಟಿನ ಮೊದಲು ತಿನ್ನಬಾರದು. ಪಣಜಿಯಲ್ಲಿ ನಾನು ಹೊರಗೆ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ ಕೇಳಿಸಿತು, ಕೊಂಕಣಿಯಲ್ಲಿ. ಏನೋ ಎಡವಟ್ಟಾಯಿತು ಎಂದು ಬಾಗಿಲಿಗೆ ಓಡಿದೆ. ಆದದ್ದೇನೆಂದರೆ, ಓಟು ಹಾಕಿದವಳೇ ಶಾಯಿ ಹಚ್ಚಿಸಿಕೊಳ್ಳಲು ಎಡಗೈ ತೋರುಬೆರಳು ಮುಂದೆ ಚಾಚಿದ್ದಾಳೆ. ಅಲ್ಲಿ ಶಾಯಿ ಹಚ್ಚುವ ಪದ್ಧತಿ ಇಲ್ಲ. ಮೇಜಿನ ಹಿಂದಿದ್ದ ಹುಡುಗಿ ಆ ಬೆರಳನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ನಕ್ಕು, ಬೆರಳನ್ನೇ ಹಿಡಿದು ಕೈ ಕುಲುಕಿ ಕಳಿಸಿದ್ದಾಳೆ. ಬೆರಳು ಬೋಳಾಗಿಯೇ ಬಂತು. ಆಯಿಗೆ ಅದು ಅರ್ಧ ಓಟಿನ ಹಾಗೆ ಕಂಡಿತು.

ಮರಳಿ ಬರುವಾಗ, ಯಾರಿಗೆ ಹಾಕಿದಿರಿ ಎಂದು ನಾನು ಕೇಳಿದೆ. "ಗುಪ್ತ ಇರಬೇಕ್ರಿ ಅದು, ಅಕ್ಕೋರ! ನೀವ ಓಟಿನ ಡ್ಯೂಟಿ ಮಾಡಾವ್ರು, ನೀವ ಕೇಳೂದೇನು?" ಎಂದು ಅವಳು ಗದರಿದ್ದಕ್ಕೆ ಡ್ರೈವರ್ ಕೂಡ ತಿರುಗಿ ನೋಡಿದ.

ಊರಿಗೆ ಬಂದರೆ ಬೆರಳು ತೋರಿಸು ಎಂಬ ಕಾಟ. ಬಸಣ್ಣ, ಒಂದಿಷ್ಟು ಕಾಡಿಗೆ ಹಚ್ಚಿಕೊಂಡುಬಿಡು ಎಂದು ನಕ್ಕ. ಅವಳು ನಗಲಿಲ್ಲ. "ಹಾಕೇನಿ ಅಂದ್ರ ಹಾಕೇನಿ. ಸುಳ್ಳು ಗುರುತು ಹಚ್ಚಿಕೊಂಡ್ರ ಆ ಓಟೂ ಸುಳ್ಳಾಕ್ಕೈತಿ."

ಆದರೆ ಅವಳ ನಿಜವಾದ ಜಗಳ ದೂರದ ಪಾರ್ಲಿಮೆಂಟಿನದಲ್ಲ, ನಮ್ಮ ಓಣಿಯದು. ಅಂಗನವಾಡಿಯ ಮುಂದೆ ಹರಿಯುವ ಗಟಾರಕ್ಕೆ ಮುಚ್ಚಳ ಇರಲಿಲ್ಲ. ಒಂದು ದಿನ ಆಟವಾಡುತ್ತಿದ್ದ ಮಗು ಅದರಲ್ಲಿ ಬಿತ್ತು. ಎತ್ತಿ, ತೊಳೆದು, ಹೆದರಿ ನಡುಗುತ್ತಿದ್ದ ಅದನ್ನು ಮಡಿಲಲ್ಲಿ ಹಾಕಿಕೊಂಡು ತಾಯಿ ಬರುವವರೆಗೆ ಕೂತವಳು ಆಯಿಯೇ. ಆ ತಿಂಗಳ ವಾರ್ಡು ಸಭೆಗೆ ಅವಳು ಮೊದಲು ಬಂದಳು, ಮೊದಲು ಎದ್ದು ನಿಂತಳು. ನಮ್ಮ ವಾರ್ಡಿನ ಸದಸ್ಯ ಕೆಟ್ಟವನೇನಲ್ಲ, ಆದರೆ ಹಿಂದೊಮ್ಮೆ ಅವಳ ಪ್ರಶ್ನೆಗಳ ರುಚಿ ನೋಡಿದವನು.

"ಆಯಿ, ನೀವು ಈಗ ನಮ್ಮ ಮತದಾರರಲ್ಲರೀ. ನಿಮ್ಮ ಮಾತು ಠರಾವಿನ್ಯಾಗ ತಗೊಳ್ಳಾಕ ಬರಂಗಿಲ್ಲ. ಕೂಡ್ರಿ."

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಗಟಾರದ ಸೊಳ್ಳಿ ನನ್ನ ಕಡಿಯೂ ಮುಂದ ಪಾಸ್‌ಪೋರ್ಟ್ ಕೇಳತೈತೇನೋ, ತಮ್ಮಾ?"

ಜನ ನಕ್ಕರು. ಅವಳು ನಿಲ್ಲಿಸಲಿಲ್ಲ. "ನನ್ನ ಮೊಮ್ಮಗಳು ಪೋರ್ತುಗಲ್ಲಿನಾಕಿ, ಇರೂದು ಸ್ಪೇನಿನ್ಯಾಗ. ಅಲ್ಲಿನ ನಗರಸಭಾಕ್ಕ ಆಕಿಗೆ ಓಟೈತಿ. ದೇಶದ್ದು ಬ್ಯಾರೆ, ಊರಿಂದು ಬ್ಯಾರೆ. ಊರಾಗ ಇದ್ದಾಕಿ ಊರಿನ ಮಾತು ಆಡಬೇಕು ಅಂತ ಅಲ್ಲಿ ಕಾಯ್ದೆ ಮಾಡ್ಯಾರ. ನಾ ಈ ಓಣ್ಯಾಗ ಗಂಡನ್ನ ಕಳಕೊಂಡೇನಿ, ಮಗನ್ನ ಕಳಕೊಂಡೇನಿ. ಮನಿ ಕರ ಕಟ್ತೇನಿ. ಓಟು ಬ್ಯಾಡ, ಮಾತೂ ಬ್ಯಾಡಂದ್ರ ಹೆಂಗ?"

"ಅದು ಅವರ ಕಾಯ್ದೆರೀ, ಆಯಿ. ಇದು ನಮ್ದು."

"ಕಾಯ್ದೆ ನಿಮ್ದ ಇರಲಿ. ಗಟಾರ ಯಾರದು?"

ಅವನು ಮುಂದಿನ ವಿಷಯಕ್ಕೆ ಹೋಗಿಬಿಟ್ಟ. ನಾನು ಎದ್ದು, ಆಯಿಯ ಪರವಾಗಿ ನಾನು ಹೇಳುತ್ತೇನೆ ಎಂದೆ. ಆಯಿ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದಳು. "ನನ್ನ ಮಾತು ನಾ ಆಡಬೇಕ್ರಿ. ನೀವು ಆಡಿದ್ರ ಅದು ನಿಮ್ಮದಾಕ್ಕೈತಿ." ತಾನು ಮಾತ್ರ ಕೂರಲಿಲ್ಲ, ಸಭೆ ಮುಗಿಯುವವರೆಗೂ ನಿಂತಳು. ಮುಂದಿನ ಸಭೆಗೂ ಬಂದು ನಿಂತಳು, ಅದರ ಮುಂದಿನದಕ್ಕೂ. ಸದಸ್ಯ ಬೇಸತ್ತು, ಕೈ ಮುಗಿದು ಕೂಡ್ರಿ ಎಂದರೆ, "ನಿನ್ನ ಮತದಾರರಿಗೆ ಹೇಳಪಾ ಕೂಡ್ರು ಅಂತ. ನಾ ಅಲ್ಲಲ್ಲ!" ಎನ್ನುತ್ತಿದ್ದಳು. ಮೊಣಕಾಲು ನೋವಿನವಳು. ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಬೇರೆ ಹೆಂಗಸರು ಗಟಾರದ ಮಾತು ಎತ್ತಿದರೆ "ನೋಡೂಣ್ರಿ" ಎಂಬ ಉತ್ತರ ಬರುತ್ತಿತ್ತು.

ಹೋದ ವರ್ಷ ಸುಮಾಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಯಾರೂ ಇರಲಿಲ್ಲ. ಆಯಿ ಗಿರಣಿಯ ಪಟ್ಟಾ ಬಿಚ್ಚಿ, ಮಷೀನಿಗೆ ಗೋಣಿತಟ್ಟು ಹೊದಿಸಿ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬರುವವರೆಗೂ ನನ್ನ ಕೈ ಬಿಡಲಿಲ್ಲ. ಬೇಗ ಬರ್ರಿ ಎಂದೆ. "ಬರ್ತೇನ್ರಿ, ಜಗಳ ಅರ್ಧಾ ಐತಿ" ಎಂದಳು. ಇನ್ನೂ ಬಂದಿಲ್ಲ. ಮೊಣಕಾಲು ಪೂರ್ತಿ ಹಿಡಿದಿದೆಯಂತೆ. ಇನ್ನು ಅಷ್ಟು ದೂರದ ಪ್ರಯಾಣ ಆಗಲಿಕ್ಕಿಲ್ಲ ಎಂದು ಸುಮಾ ನನಗೊಬ್ಬಳಿಗೇ ಹೇಳಿದ್ದಾಳೆ.

ಕಳೆದ ವಾರ ಆಯಿಯ ಫೋನು ಬಂತು. ಅಲ್ಲಿನ ಓಣಿಯ ಜನ ನಗರಸಭೆಯವರನ್ನು ಕರೆಸಿ ಸಭೆ ಮಾಡಿದರಂತೆ. ಸುಮಾ ಅಜ್ಜಿಯನ್ನೂ ಕರೆದುಕೊಂಡು ಹೋದಳಂತೆ. ಮುಂದಿನ ವರ್ಷ ಆ ಊರಿನ ಚುನಾವಣೆ, ಅಲ್ಲಿನ ಮತದಾರರ ಪಟ್ಟಿಗೆ ಆಯಿಯ ಹೆಸರೂ ಸೇರಿದೆಯಂತೆ.

"ಕೈ ಎತ್ತಿದೆರೀ, ಅಕ್ಕೋರ. ಮಾತಾಡು ಅಂದ್ರು. ಯಾರೂ ಯಾವ ದೇಶದಾಕಿ ಅಂತ ಕೇಳಲಿಲ್ಲ. ನಾ ಕನ್ನಡದಾಗ ಹೇಳಿದೆ, ಸುಮಾ ಅವರ ಭಾಷಾದಾಗ ಹೇಳಿದ್ಲು."

"ಏನು ಹೇಳಿದ್ರಿ, ಆಯಿ?"

"ಅಲ್ಲಿ ಹೇಳಾಕ ಏನಿತ್ರಿ ನನಗ? ಬಾಯಿಗೆ ಬಂದದ್ದು ನಮ್ಮ ಅಂಗನವಾಡಿ ಗಟಾರ. ಕೂಸು ಬಿದ್ದದ್ದು, ಎತ್ತಿದ್ದು, ಎಲ್ಲಾ ಹೇಳಿದೆ. ಸುಮಾ ನಾಚಿಕೊಂಡ್ಲು. ಆದ್ರ ಅವರು ಪೂರಾ ಕೇಳಿದ್ರು. ಆಮ್ಯಾಲ ನನ್ನ ವಾರಿಗಿ ಮುದುಕಿ ಒಬ್ಬಾಕಿ ಎದ್ದು ಕೇಳಿದ್ಲು, ಮುಂದ ಆ ಗಟಾರ ಮುಚ್ಚಿದ್ರೇನು ಅಂತ. ನಾ ಆಕಿಗೆ ಏನಂತ ಹೇಳ್ಲಿ, ಅಕ್ಕೋರ?"

ಗಟಾರಕ್ಕೆ ಇನ್ನೂ ಮುಚ್ಚಳ ಬಿದ್ದಿಲ್ಲ. ಬರುವ ಸೋಮವಾರ ವಾರ್ಡು ಸಭೆ ಇದೆ. ಕೇಳಿಕೊಂಡು ಬಂದು ಹೇಳುತ್ತೇನೆ, ತಡೆಯಿರಿ ಎಂದಿದ್ದೇನೆ. ನನ್ನ ಹೆಸರಂತೂ ಮತದಾರರ ಪಟ್ಟಿಯಲ್ಲಿದೆ.