ಶುಭ ಶುಕ್ರವಾರದ ಗುಮಟೆ

ದೆವ್ವ ಕಂಡೆ, ಸದ್ದು ಕೇಳಿದೆ ಎನ್ನುವವರ ಮುಂದೆ ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದವಳು. ಈಗ ನನ್ನನ್ನು ನೋಡಿ ನೀವು ನಕ್ಕರೂ ಬೇಸರವಿಲ್ಲ. ಆದದ್ದನ್ನು ಆದ ಹಾಗೇ ಹೇಳಿಬಿಡುತ್ತೇನೆ.

ಮೂವತ್ತರ ದಶಕದ ಮಾತು. ನನಗೆ ಹದಿನಾಲ್ಕು. ಅಪ್ಪ ಶಿರಸಿಯಲ್ಲಿ ಬಡಗಿ. ಇಗರ್ಜಿಯ ಕಟ್ಟಳೆ ಎಂದರೆ ಅವರಿಗೆ ಹಲಗೆಯ ಮೇಲೆ ಹೊಡೆದ ಗೆರೆ. ಕೂದಲೆಳೆಯಷ್ಟೂ ಆಚೀಚೆ ಆಗಕೂಡದು. ಮನೆಯಲ್ಲೊಂದು ಹಳೆಯ ಗುಮಟೆ ಇತ್ತು: ಮಣ್ಣಿನ ಮಡಕೆ, ಒಂದು ಬಾಯಿಗೆ ಬಿಗಿದ ಉಡದ ತೊಗಲು. ಮದುವೆಯ ಹಿಂದಿನ ದಿನ ವಧುವಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಅದನ್ನು ಬಾರಿಸುತ್ತಿದ್ದರು. ಹೆಣ್ಣುಮಕ್ಕಳು ಮುಟ್ಟಬಾರದು ಎಂಬುದು ಅಪ್ಪನ ಕಾನೂನು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನವಂತೂ ಯಾರೂ ಮುಟ್ಟುವಂತಿರಲಿಲ್ಲ. ಹಳೆ ಸೀರೆಯಲ್ಲಿ ಸುತ್ತಿ ಅಟ್ಟದ ತೊಲೆಗೆ ತೂಗುಹಾಕಿಬಿಡುತ್ತಿದ್ದರು.

ನನಗೋ ಅದರದೇ ಹುಚ್ಚು. ದೇವರು ಕೊಟ್ಟ ಬೆರಳು ತಾಳ ಹಾಕಿದರೆ ದೇವರಿಗೇಕೆ ಸಿಟ್ಟು ಎಂಬುದು ನನ್ನ ವಾದ. ಅಪ್ಪ ಕೆಲಸಕ್ಕೆ ಹೋದ ಮೇಲೆ ಹಿತ್ತಲಲ್ಲಿ ಕೊಡ ಬೋರಲು ಹಾಕಿ ಬಾರಿಸುತ್ತಿದ್ದೆ. ನನ್ನದೇ ಒಂದು ತಾಳ ಕಟ್ಟಿದ್ದೆ. ಕೊನೆಯಲ್ಲಿ ಎಡವಿದ ಹಾಗೆ ಮಾಡಿ ಮತ್ತೆ ಓಡುವುದು. ಈಸ್ಟರ್ ಕಳೆದ ವಾರವೇ ಅಕ್ಕನಿಗೆ ಯಲ್ಲಾಪುರದ ಹುಡುಗನ ಜತೆ ಮದುವೆ. ಅವಳ ರೋಸಿಗೆ ನಾನೇ ಬಾರಿಸಬೇಕೆಂದು ಆಸೆ.

ಪವಿತ್ರ ವಾರದ ಸೋಮವಾರ ಮನೆಯಲ್ಲಿ ನಾನೊಬ್ಬಳೇ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದೆ. ಒಳಗಿನಿಂದ ಗುಮಟೆಯ ಸದ್ದು! ಓಡಿ ಒಳಗೆ ಹೋಗುವಷ್ಟರಲ್ಲಿ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ.

"ತಪಸ್ಸುಕಾಲದಲ್ಲಿ ಗುಮಟೆ ಬಾರಿಸ್ತೀಯೇನೆ? ಬೀದಿ ತುದಿಗೇ ಕೇಳ್ತು!"

"ನಾನಲ್ಲ ಅಪ್ಪಾ, ದೇವರಾಣೆ!"

"ಆಣೆ ಬೇರೆ! ಶನಿವಾರ ಪಾದ್ರಿಗಳ ಹತ್ರ ಪಾಪನಿವೇದನೆ ಮಾಡು. ಇಲ್ದಿದ್ರೆ ಅಕ್ಕನ ಮದುವೆಗೆ ನೀನು ಬರೂದೇ ಬೇಡ."

ಅಮ್ಮ ರಾತ್ರಿ ತಲೆ ಸವರಿದರು. "ಹೂಂ ಅಂದ್ಬಿಡೇ ಮಾರಾಯ್ತಿ, ನಿಂದೆಂತ ಗಂಟು ಹೋಗ್ತದೆ?"

"ಮಾಡದ್ದನ್ನ ಮಾಡಿದ್ದೆ ಅಂದ್ರೆ ಅದೇ ಸುಳ್ಳಲ್ವಾ ಅಮ್ಮಾ? ಆಮೇಲೆ ಆ ಸುಳ್ಳಿಗೆ ಇನ್ನೊಂದು ನಿವೇದನೆ ಮಾಡೂದಾ?"

ಹಾಗೆ ಹೇಳಿದೆನಾದರೂ ಅಕ್ಕನ ಮದುವೆ ತಪ್ಪುತ್ತದಲ್ಲಾ ಎಂದು ನಾಲ್ಕು ದಿನ ಊಟ ಸೇರಲಿಲ್ಲ.

ಶುಭ ಶುಕ್ರವಾರ ಬಂತು. ಇಗರ್ಜಿಯ ಗಂಟೆಯೂ ಬಾರಿಸದ ದಿನ. ಸಂಜೆ ನಾಲ್ವರೂ ಮೊಣಕಾಲೂರಿ ಜಪಮಾಲೆ ಹೇಳುತ್ತಿದ್ದೆವು. ಮುಗಿದ ನನ್ನ ಕೈ ಅಪ್ಪನ ಕಣ್ಣೆದುರೇ ಇತ್ತು. ಅಟ್ಟದಲ್ಲಿ ಗುಮಟೆ ಶುರುವಾಯಿತು. ತುಂಬಿದ, ದುಂಡನೆಯ ಸದ್ದು. ಕೊನೆಯಲ್ಲಿ ಎಡವಿತು, ಮತ್ತೆ ಓಡಿತು. ಅಯ್ಯೋ, ನನ್ನ ತಾಳ!

ಅಕ್ಕ ಅಮ್ಮನನ್ನು ತಬ್ಬಿಕೊಂಡಳು. ಅಪ್ಪನ ಜಪ ಅರ್ಧಕ್ಕೇ ನಿಂತಿತು. ಇನ್ನು ಬೈಗುಳದ ಸಿಡಿಲು ಬಿತ್ತು ಅಂದುಕೊಂಡೆ. ನೋಡಿದರೆ ಅವರ ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಇದು ನಮ್ಮಮ್ಮನ ಕೈ" ಎಂದರು.

ಅಜ್ಜಿ ಗುಮಟೆ ಬಾರಿಸುತ್ತಿದ್ದಳೆಂದು ನಮಗೆ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಎಂಟು ವರ್ಷವಾಗಿದ್ದಾಗಲೇ ತೀರಿಕೊಂಡವಳು.

ಅಪ್ಪ ಏಣಿ ಇಟ್ಟು ಸೀರೆಯ ಗಂಟು ಇಳಿಸಿದರು. ಅವರೇ ಹಾಕಿದ ಗಂಟು, ಹಾಕಿದ ಹಾಗೇ ಇತ್ತು. ಬಿಚ್ಚಿದರೆ ಗುಮಟೆಗೆ ತೊಗಲೇ ಇಲ್ಲ! ಸೀರೆ ತೂತು ಮಾಡಿ ಇಲಿ ತಿಂದು ಎಷ್ಟು ದಿನವಾಗಿತ್ತೋ, ಅಂಚಿನಲ್ಲಿ ನಾಲ್ಕು ಒಣಚೂರು ಉಳಿದಿದ್ದವು.

ಶನಿವಾರ ಹೋಗಿ ಕೊಡ ಬಾರಿಸಿದ್ದನ್ನು, ಆಣೆ ಹಾಕಿದ್ದನ್ನು ಮಾತ್ರ ನಿವೇದಿಸಿದೆ. ಪರದೆಯಾಚೆ ಪಾದ್ರಿಗಳು ಕೆಮ್ಮಿದರು, ನಕ್ಕರೋ ಏನೋ.

ರೋಸಿನ ದಿನ ಅಪ್ಪ ಹೊಸ ತೊಗಲು ಬಿಗಿದ ಗುಮಟೆ ತಂದು ಎಲ್ಲರೆದುರು ನನ್ನ ಮಡಿಲಿಗಿಟ್ಟರು. "ಇಗರ್ಜಿ ಹೇಳಿದ್ದು ನಲವತ್ತು ದಿನ ಮಾತ್ರ. ಉಳಿದದ್ದು ನನ್ನ ಕಾನೂನು. ಬಾರಿಸೇ!" ಬಾರಿಸಿದೆ. ಅಕ್ಕ ತೆಂಗಿನಹಾಲು ಸುರಿಯುತ್ತಿದ್ದ ಮುಖದಲ್ಲೇ ನಕ್ಕಳು. ಅಪ್ಪ ಕುಣಿದರು ಎಂದರೆ ನಮ್ಮ ಬೀದಿಯವರು ಈಗಲೂ ನಂಬುವುದಿಲ್ಲ.

ಇಲಿ ತೊಗಲು ತಿಂದೀತು, ತಾಳ ಹಾಕೀತೇ? ನನಗೆ ತಿಳಿಯದು. ಅದು ನಾನು ಕಟ್ಟಿದ ತಾಳ ಎಂದು ಅಪ್ಪನಿಗೆ ಕೊನೆಯವರೆಗೂ ಹೇಳಲಿಲ್ಲ. ಹೇಗೆ ಹೇಳಲಿ? ನಾನೇ ಕಟ್ಟಿದ್ದೋ, ಹಿತ್ತಲಲ್ಲಿ ಯಾರೋ ಪಕ್ಕದಲ್ಲಿ ಕೂತು ಕಲಿಸಿದ್ದೋ, ಈಗ ನನಗೇ ಖಾತ್ರಿಯಿಲ್ಲ.